ಸುತ್ತಿಟ್ಟ ಒದ್ದೆ ಟವೆಲು

ಬೀದಿಯವರಿಗೆಲ್ಲ ಆಕೆ ಇಸ್ತ್ರಿ ಅಕ್ಕ. ಇಪ್ಪತ್ತೆರಡು ವರ್ಷ ಬಟ್ಟೆಗೆ ನೀರು ಚಿಮುಕಿಸಿದ ಕೈ; ಬಟ್ಟೆಯನ್ನು ಕೆನ್ನೆಗೆ ಒತ್ತಿ ತೇವ ಎಷ್ಟಿದೆಯೆಂದು ಹೇಳಿಬಿಡುತ್ತಿದ್ದಳು. ಅಂಥವಳ ತಲೆಗೆ ಲಾರಿ ಓಡಿಸುವ ತಮ್ಮ ತನ್ನ ಸಾಕುಹಾವನ್ನು ಕಟ್ಟಿ, ಎರಡು ತಿಂಗಳ ಓಟಕ್ಕೆ ಹೊರಟೇಬಿಟ್ಟ.

"ವಿಷ ಇಲ್ಲ ಕಣಕ್ಕಾ. ಬೆಚ್ಚಗೆ ನೋಡ್ಕೋ, ಸಾಕು."

ಬೆಚ್ಚಗೆ ತಾನೇ ಎಂದು ಆಕೆ ಗಾಜಿನ ಪೆಟ್ಟಿಗೆಯನ್ನು ಇಸ್ತ್ರಿ ಮೇಜಿನ ಪಕ್ಕದಲ್ಲೇ ಇಟ್ಟಳು. ಎಡವಟ್ಟಾದದ್ದು ಅಲ್ಲೇ. ದಿನವಿಡೀ ಕಾವು ತಗುಲಿ ಒಳಗಿನ ಗಾಳಿ ಒಣಗಿತು. ಹಾವು ಪೊರೆ ಬಿಡುವಾಗ ಅದು ಚೂರುಚೂರಾಗಿ ಮೈಗೇ ಅಂಟಿಕೊಂಡಿತು. ಎರಡು ಕಣ್ಣಿನ ಮೇಲೂ ಹಳೆ ಪೊರೆಯ ಮಬ್ಬು ಬಿಲ್ಲೆ ಉಳಿಯಿತು. ಪಾಪದ ಪ್ರಾಣಿ ಗಾಜಿಗೆ ಮೂತಿ ಗುದ್ದಿಕೊಳ್ಳತೊಡಗಿತು. ಅದನ್ನು ಕಂಡರೆ ಮಾರುದೂರ ನಿಲ್ಲುತ್ತಿದ್ದವಳು ಈಗ ಪೆಟ್ಟಿಗೆಯ ಪಕ್ಕದಲ್ಲೇ ಕೂತಳು.

ಹೊತ್ತಿಗೊಮ್ಮೆ ನೀರು ಚಿಮುಕಿಸಿದಳು. ಪೆಟ್ಟಿಗೆಯ ತಳ ಕೆಸರಾಯಿತು, ಪೊರೆ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಕೊನೆಗೆ ಕೇಳಲು ಹೋದರೆ ಪ್ರಾಣಿಗಳ ಡಾಕ್ಟರಮ್ಮ ಗದರಿದರು. "ಹೊಟ್ಟೆ ಕೆಳಗೆ ನೀರು ನಿಂತ್ರೆ ಹುಣ್ಣಾಗತ್ತೆ. ತೇವ ಗಾಳೀಲಿರ್ಬೇಕು, ನೆಲದಲ್ಲಲ್ಲ. ಕಣ್ಣಿನ ಪೊರೆ ಎಳೆಯೋಕೆ ಹೋಗ್ಬೇಡಿ, ಕಣ್ಣೇ ಹೋದೀತು. ಒಂದು ವಾರ ನೋಡೋಣ."

"ನೀರು ಹಾಕ್ದೆ ತೇವ ಎಲ್ಲಿಂದ ತರ್ಲಿ ಡಾಕ್ಟ್ರೇ?" ಎಂದು ಗೊಣಗುತ್ತಲೇ ಅಂಗಡಿಗೆ ಬಂದಳು. ಮೇಜಿನ ಮೇಲೆ ಬೆಳಿಗ್ಗೆ ಸುತ್ತಿಟ್ಟಿದ್ದ ಹತ್ತಿ ಅಂಗಿಗಳಿದ್ದವು. ಒರಟು ಹತ್ತಿಬಟ್ಟೆಗೆ ಆಕೆ ಎಂದೂ ನೀರು ಸುರಿದವಳಲ್ಲ. ನಾಲ್ಕು ಹನಿ ಚಿಮುಕಿಸಿ, ಸುತ್ತಿ, ಒಂದು ಗಂಟೆ ಸುಮ್ಮನೆ ಬಿಡುತ್ತಾಳೆ. ತೇವ ತಾನಾಗಿ ಎಳೆಎಳೆಗೂ ಇಳಿಯುತ್ತದೆ. ಇಷ್ಟು ತಿಳಿದೂ ಹಾವಿಗೆ ಸ್ನಾನ ಮಾಡಿಸಿದೆನಲ್ಲ ಎಂದು ಹಣೆ ಚಚ್ಚಿಕೊಂಡಳು.

ಪೆಟ್ಟಿಗೆಯ ತಳ ಒಣಗಿಸಿ, ಅದನ್ನು ಕಾವಿನಿಂದ ದೂರ ಒಳಕೋಣೆಗೆ ಸಾಗಿಸಿದಳು. ಒಂದು ಮುಚ್ಚಳದ ಡಬ್ಬಿಗೆ ಹಾವು ನುಸುಳುವಷ್ಟು ತೂತು ಕೊರೆದು, ಹಿಂಡಿದ ಟವೆಲನ್ನು ಸಡಿಲವಾಗಿ ಸುತ್ತಿ ಅದರೊಳಗಿಟ್ಟು, ಮೂಲೆಯಲ್ಲಿ ಕೂರಿಸಿದಳು. ಸಂಜೆಗೆ ಹಾವು ಒಳಗೆ ನುಸುಳಿತ್ತು.

ನಾಲ್ಕನೆಯ ದಿನ ತಮ್ಮನ ಫೋನು ಬಂತು. ಆಕೆ ಕಣ್ಣಿನ ವಿಷಯ ಮುಚ್ಚಿಡಲಿಲ್ಲ. "ನನ್ನಿಂದ್ಲೇ ತಪ್ಪಾಯ್ತು ಕಣೋ."

ಎಂಜಿನ್ ಸದ್ದಿನ ನಡುವೆ ತಮ್ಮ ಕೇಳಿದ, "ಕಣ್ಣು ಹೋದ್ರೆ ಅಕ್ಕಾ?"

"ಹೋಗೋಕೆ ಬಿಡ್ತೀನಾ?" ಎಂದಳು.

ಆರನೆಯ ಬೆಳಿಗ್ಗೆ ಡಬ್ಬಿ ತೆರೆದರೆ ಟವೆಲಿನ ತುಂಬ ಪೊರೆಯ ಚೂರು. ನಡುವೆ ಕಾಳಿನಷ್ಟು ಪುಟ್ಟದೊಂದು ಬಿಲ್ಲೆ. ಒಂದೇ ಒಂದು. ಇನ್ನೊಂದಕ್ಕೆ ಟವೆಲನ್ನು ಮಡಿಕೆಮಡಿಕೆ ಹುಡುಕಿದಳು, ಇಲ್ಲ. ಕೈ ಸೋತು, ತೇವ ಆರಿತೇನೋ ಎಂದು ಅಭ್ಯಾಸಬಲದಿಂದ ಟವೆಲನ್ನು ಕೆನ್ನೆಗೊತ್ತಿಕೊಂಡಳು. ಹಾವು ತಲೆ ಎತ್ತಿತು. ಎರಡು ಕಣ್ಣೂ ಫಳಫಳ. ಆಕೆ ಆಚೆ ಬಾಗಿದರೆ ಆಚೆ, ಈಚೆ ಬಾಗಿದರೆ ಈಚೆ ನೋಡುತ್ತಿತ್ತು.

ಗಾಜಿನಲ್ಲಿ ತನ್ನ ಮುಖ ಕಂಡು ಆಕೆ ಗಕ್ಕನೆ ನಿಂತಳು. ಆಮೇಲೆ ನಗುತ್ತ ಫೋನು ಹಚ್ಚಿದಳು.

"ಎರಡೂ ಬಂತು ಕಣೋ. ಒಂದು ಟವೆಲಲ್ಲಿತ್ತು, ಇನ್ನೊಂದು ನನ್ನ ಕೆನ್ನೆ ಮೇಲಿದೆ."