ಅಪೂರ್ಣ ಫಾರಂಗಳ ಕಟ್ಟು

ವಿಶ್ವವಿದ್ಯಾಲಯದ ಗುಣಮಟ್ಟ ವಿಭಾಗದಲ್ಲಿ ಹದಿನೆಂಟು ವರ್ಷದಿಂದ ಕಡತ ನೋಡಿಕೊಳ್ಳುತ್ತಿದ್ದ ಆ ಹೆಂಗಸನ್ನು ಎಲ್ಲರೂ ಸಾಕ್ಷಿಯಕ್ಕ ಎಂದೇ ಕರೆಯುತ್ತಿದ್ದರು. ಯಾವ ಪ್ರಾಧ್ಯಾಪಕ ಬಂದು "ನಮ್ಮಲ್ಲಿ ಪಾಠ ಬಹಳ ಚೆನ್ನಾಗಿ ನಡೀತಿದೆ" ಎಂದರೂ ಆಕೆ ಕನ್ನಡಕದ ಮೇಲಿಂದ ನೋಡಿ, "ಸಾಕ್ಷಿ?" ಎನ್ನುವಳು. ಸಹಿ, ಹಾಜರಿ ಪಟ್ಟಿ, ಫೋಟೋ ಇಲ್ಲದ ಪಾಠ ಆಕೆಯ ಪಾಲಿಗೆ ನಡೆದೇ ಇಲ್ಲ.

ಐದು ವರ್ಷಕ್ಕೊಮ್ಮೆ ಹೊರಗಿನ ತಜ್ಞರ ತಂಡ ಬಂದು ಒಂದೊಂದು ಪದವಿಯನ್ನೂ ತೂಗಿ ನೋಡುತ್ತದೆ. ಒಪ್ಪಿಗೆ ಸಿಗದ ಪದವಿಗೆ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ತಂಡ ಮೊದಲು ಕೇಳುವುದು, ವಿದ್ಯಾರ್ಥಿಗಳು ಪಾಠಕ್ಕೆ ಐದಕ್ಕೆ ಎಷ್ಟು ಅಂಕ ಕೊಟ್ಟಿದ್ದಾರೆ ಎಂದು. ಸಾಕ್ಷಿಯಕ್ಕನ ಕೈಚಳಕ ಇದ್ದದ್ದು ಇಲ್ಲೇ. ಸಿಟ್ಟಿನಲ್ಲಿ ಫಾರಂ ತುಂಬುವವರಿಗೆ ಇಪ್ಪತ್ತು ಪ್ರಶ್ನೆಗೂ ಉತ್ತರಿಸುವ ತಾಳ್ಮೆ ಇರುವುದಿಲ್ಲ. ಒಂದೆರಡು ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟದ್ದು ಅಪೂರ್ಣ, ಅಪೂರ್ಣವಾದದ್ದು ಲೆಕ್ಕಕ್ಕಿಲ್ಲ. ಆಕೆ ಅವನ್ನು ಬೇರೆ ಕಟ್ಟಿ, ದಾರ ಬಿಗಿದು ಬೀರುವಿಗೆ ಸೇರಿಸುವಳು. ಮೂರಿದ್ದ ಸರಾಸರಿ ನಾಲ್ಕೂವರೆಗೆ ಜಿಗಿಯುವುದು. ಒಂದು ಅಂಕಿ ತಿದ್ದಿಲ್ಲ, ಒಂದು ಸುಳ್ಳು ಬರೆದಿಲ್ಲ. ದೂರಿದವರ ಬಾಯಿ ಕಟ್ಟಿದ್ದಷ್ಟೇ. ಇಂಥ ಅಚ್ಚುಕಟ್ಟಿಗೆ ನಮ್ಮ ವಿದ್ಯಾಸಂಸ್ಥೆಗಳು ಮನಸಾರೆ ಚಪ್ಪಾಳೆ ತಟ್ಟುತ್ತವೆ. ಆಕೆಗೂ ಎರಡು ಪ್ರಶಂಸಾಪತ್ರ ಬಂದಿದ್ದವು.

ಇಷ್ಟಿದ್ದೂ ಆಕೆಯ ಹೊಟ್ಟೆ ತಣ್ಣಗಿರಲಿಲ್ಲ. ಕಾರಣ ಎರಡನೇ ಮಹಡಿಯಲ್ಲಿ ಕೂತಿತ್ತು: ಒಡಹುಟ್ಟಿದ ತಂಗಿ, ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥೆ. ಅಕ್ಕ ಪದವಿಯ ಕೊನೆಯ ವರ್ಷ ಒಂದು ವಿಷಯದಲ್ಲಿ ಫೇಲಾಗಿ, ಮತ್ತೆ ಪರೀಕ್ಷೆಗೆ ಕೂರಲು ನಾಚಿ, ಇಲ್ಲೇ ಟೈಪಿಸ್ಟಾಗಿ ಸೇರಿದ್ದಳು. ಅದೇ ಅಕ್ಕನ ನೋಟ್ಸು ಓದಿ ತಂಗಿ ಮೊದಲ ದರ್ಜೆ ತಂದಳು, ಡಾಕ್ಟರೇಟೂ ತಂದಳು. ಕಚೇರಿಯಲ್ಲಿ ಅಕ್ಕ ಬಿಗಿದುಕೊಂಡು "ಮೇಡಂ" ಎಂದರೆ ತಂಗಿ ಎಲ್ಲರೆದುರು "ಏನಕ್ಕಾ" ಎನ್ನುವಳು. ಆ ಸಲಿಗೆಯೇ ಅಕ್ಕನಿಗೆ ಗಂಟಲಿಗೆ ಸಿಕ್ಕ ಮುಳ್ಳು. ಮನೆಯಲ್ಲಿ ಅಮ್ಮನದು ಬೇರೆ: "ಚಿಕ್ಕವಳಿಗೆ ಬಿಡುವೇ ಇಲ್ಲ ಪಾಪ. ಕಣ್ಣಿನ ಡಾಕ್ಟ್ರ ಹತ್ರ ನೀನೇ ಕರ್ಕೊಂಡು ಹೋಗೇ."

ಈ ಸಲ ಸಂಖ್ಯಾಶಾಸ್ತ್ರದ ಅರವತ್ತು ಫಾರಂಗಳಲ್ಲಿ ಇಪ್ಪತ್ತಾರು ಅಪೂರ್ಣ. "ಪಾಠ ಮುಂದೆ ಓಡುತ್ತೆ, ನಾವು ಹಿಂದೆ ಓಡಬೇಕು" ಎಂದೊಬ್ಬಳು ಬರೆದಿದ್ದಳು. ಬಾಯಿಗೆ ಸಕ್ಕರೆ ಹಾಕಿಕೊಂಡವಳಂತೆ ಸಾಕ್ಷಿಯಕ್ಕ ಅದನ್ನು ಮೂರು ಸಲ ಓದಿದಳು. ಆ ಇಪ್ಪತ್ತಾರನ್ನು ತೆಗೆದರೆ ನಾಲ್ಕು ಪಾಯಿಂಟ್ ನಾಲ್ಕು. ಸೇರಿಸಿದರೆ ಮೂರು ಪಾಯಿಂಟ್ ಒಂದು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಆಕೆ ಎಲ್ಲವನ್ನೂ ಸೇರಿಸಿದಳು. ತಂಡದ ಮುಂದೆ ತಂಗಿಯ ಮುಖ ಹೇಗೆ ಇಳಿದೀತೆಂದು ಊಹಿಸುತ್ತಾ ಸೇರಿಸಿದಳು.

"ಇದೊಂದು ಯಾಕ್ರೀ ಮೂರು?" ಎಂದು ಗುಣಮಟ್ಟ ವಿಭಾಗದ ನಿರ್ದೇಶಕರು ಹುಬ್ಬು ಗಂಟಿಕ್ಕಿದರು.

"ತಂಗಿ ವಿಭಾಗ ಸಾರ್. ಫಾರಂ ಬಿಟ್ರೆ ಪಕ್ಷಪಾತ ಅಂತಾರೆ."

"ಭೇಷ್! ನಿಮ್ಮಂಥೋರು ಇರ್ಬೇಕು ಕಣ್ರೀ."

ತಂಡ ಬಂದ ದಿನ ಸಾಕ್ಷಿಯಕ್ಕ ಕಡತ ಹಿಡಿದು ಗೋಡೆಗೊರಗಿ ನಿಂತಿದ್ದಳು. ತಂಡದ ಹಿರಿಯ ಪ್ರಾಧ್ಯಾಪಕಿ ಹನ್ನೊಂದು ಕಡತ ಮಗುಚಿ ಆಕಳಿಸಿದರು. "ನಾಲ್ಕೂವರೆ, ನಾಲ್ಕೂವರೆ, ನಾಲ್ಕೂ ಮುಕ್ಕಾಲು. ಇಲ್ಲಿ ಯಾರಿಗೂ ಯಾರ ಮೇಲೂ ಬೇಜಾರೇ ಇಲ್ವಾ?" ಹನ್ನೆರಡನೆಯದು ತಂಗಿಯದು. ಅವಳನ್ನು ಕರೆಸಿದರು.

"ಏನಮ್ಮ ಇದು, ಮೂರು?"

"ಹೌದು ಮೇಡಂ, ನನ್ನ ಪಾಠ ಸ್ಪೀಡು. ಫಾರಂಗಳನ್ನ ಕಚೇರಿಗೆ ಕಳಿಸೋ ಮುಂಚೆ ಓದಿದ್ದೆ, ಆಮೇಲಿಂದ ವಾರಕ್ಕೊಂದು ಕ್ಲಾಸು ಹಳೇದನ್ನೇ ಮತ್ತೆ ಹೇಳೋಕೆ ಅಂತ ಇಟ್ಟಿದೀನಿ. ಈಗ ಹಿಂದಿನ ಬೆಂಚಿನೋರೂ ಪ್ರಶ್ನೆ ಕೇಳ್ತಾರೆ."

"ಹನ್ನೆರಡರಲ್ಲಿ ನಾನು ನಂಬೋದು ಇದೊಂದನ್ನೇ" ಎಂದು ಹಿರಿಯರು ಸಹಿ ಹಾಕಿದರು. ಸಂಖ್ಯಾಶಾಸ್ತ್ರಕ್ಕೆ ಐದು ವರ್ಷದ ಒಪ್ಪಿಗೆ. ಉಳಿದ ಹನ್ನೊಂದು ವಿಭಾಗಗಳ ಮೂಲ ಫಾರಂಗಳನ್ನೆಲ್ಲ ಮಧ್ಯಾಹ್ನದೊಳಗೆ ತೋರಿಸಬೇಕು.

ಹೊರಗೆ ತಂಗಿ ಅಕ್ಕನ ಕೈ ಹಿಡಿದುಕೊಂಡಳು. "ಬಚ್ಚಿಡಬಹುದಿತ್ತು, ನೀನು ಬಚ್ಚಿಡ್ಲಿಲ್ಲ. ಥ್ಯಾಂಕ್ಸ್ ಕಣೇ."

ಕೆಡುಕು ಬಯಸಿದರೂ ಇವಳಿಗೇ ಲಾಭವಾಯಿತಲ್ಲ! ಅಕ್ಕನಿಗೆ ತಡೆಯಲಾಗಲಿಲ್ಲ. "ಥ್ಯಾಂಕ್ಸೂ ಬೇಡ ಏನೂ ಬೇಡ. ನಿನ್ನ ಮಾನ ಹೋಗ್ಲಿ ಅಂತ್ಲೇ ಸೇರಿಸಿದ್ದು."

ತಂಗಿ ಕೈ ಬಿಟ್ಟಳು. ಮುಖ ಸಣ್ಣದಾಯಿತು. "ಹೌದಾ? ಹಾಗಾದ್ರೆ ಫಾರಂ ಬಚ್ಚಿಟ್ಟು ಮಾನ ಕಾಪಾಡೋಷ್ಟು, ಆ ಹನ್ನೊಂದು ವಿಭಾಗದೋರ ಮೇಲೆ ನಿಂಗೆ ಅಷ್ಟೊಂದು ಪ್ರೀತಿನಾ ಅಕ್ಕಾ?" ಎಂದು ಕೇಳಿ ಮೆಟ್ಟಿಲು ಹತ್ತಿ ಹೋದಳು.

ಅಷ್ಟರಲ್ಲಿ ನಿರ್ದೇಶಕರು ಓಡಿಬಂದು ಪಿಸುಗುಟ್ಟಿದರು: "ನೋಡ್ರೀ, ಅಪೂರ್ಣ ಫಾರಂ ಎಲ್ಲ ಹರಿದು ಹಾಕ್ಬಿಟ್ವಿ ಅಂತ ಹೇಳ್ಬಿಡಿ."

ಸಾಕ್ಷಿಯಕ್ಕನ ಕಿವಿಯಲ್ಲಿ 'ಇದೊಂದನ್ನೇ' ಎಂಬ ಮಾತು ಇನ್ನೂ ಕುಟುಕುತ್ತಿತ್ತು. ಇಡೀ ವಿಶ್ವವಿದ್ಯಾಲಯಕ್ಕೆ ತಂಗಿಯೊಬ್ಬಳೇ ಸತ್ಯವಂತೆ ಎನಿಸಿಕೊಳ್ಳುವುದನ್ನು ಸಹಿಸುವಷ್ಟು ದೊಡ್ಡ ಮನಸ್ಸು ಆಕೆಗಿರಲಿಲ್ಲ.

"ಹರಿದಿಲ್ಲ ಸಾರ್. ಒಂದೂ ಬಿಡದೆ ಇಟ್ಟಿದೀನಿ. ಈಗ್ಲೇ ತರ್ತೀನಿ" ಎಂದಳು, ಒಳಗಿನ ತಂಡಕ್ಕೂ ಕೇಳುವಷ್ಟು ಗಟ್ಟಿಯಾಗಿ.