ಬೇಲಿಯ ಆಚೆಯ ದಾಕು

1963ರ ಬೇಸಿಗೆಯಲ್ಲಿ ನಾನು ಶಿರಾ ತಾಲ್ಲೂಕಿನಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್. ಸಿಡುಬು ಬಾರದಂತೆ ಜನರಿಗೆ ದಾಕು ಹಾಕುವುದು ಕೆಲಸ. ಲಿಂಫ್ ಎಂಬ ಲಸಿಕೆಯ ದ್ರವವನ್ನು ಮಂಜುಗಡ್ಡೆಯ ಫ್ಲಾಸ್ಕಿನಲ್ಲಿಟ್ಟು ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದೆ. ತೋಳಿನ ಮೇಲೆ ಒಂದು ತೊಟ್ಟು ಇಟ್ಟು, ಹಲ್ಲುಗಳಿರುವ ಪುಟ್ಟ ಬಿಲ್ಲೆಯಂಥ ಲ್ಯಾನ್ಸೆಟ್ಟನ್ನು ಅದರ ಮೇಲೆ ಒತ್ತಿ ತಿರುಗಿಸಬೇಕು. ಮಂಜು ಕರಗಿದರೆ ಲಿಂಫ್ ಕೆಡುತ್ತದೆ. ಇಷ್ಟು ಮಾತ್ರ ಖಚಿತ. ಮಿಕ್ಕದ್ದು ಹೇಳಿ ಹೇಳಿ ನುಣುಪಾಗಿದೆ. ನುಣುಪಾದ ನೆನಪನ್ನು ನಾನು ನಂಬುವುದಿಲ್ಲ, ಓದುವವರೂ ನಂಬಬೇಕಾಗಿಲ್ಲ.

ಆ ವರ್ಷ ಇಂಗ್ಲೆಂಡಿನಿಂದ ಪೀಟರ್ ಎಂಬ ಯುವಕ ಆರು ತಿಂಗಳ ಸೇವೆಗೆಂದು ನಮ್ಮ ಕಚೇರಿಗೆ ಬಂದ. ಅವನ ಊರಿನ ಚರ್ಚು ಕಳಿಸಿದ ಸ್ವಯಂಸೇವಕ. ಸಂಬಳವಿಲ್ಲ. ಸಂಬಳವಿಲ್ಲದವನನ್ನು ಬೈಯುವ ಹಾಗಿಲ್ಲ, ಅದೇ ತೊಂದರೆ. ರಾಗಿಮುದ್ದೆ ನುಂಗಿ ‘ವಂಡರ್‌ಫುಲ್’ ಅನ್ನುತ್ತಿದ್ದ. ಎಮ್ಮೆ, ಬಾವಿ, ಕಡಲೆಕಾಯಿ ಸಿಪ್ಪೆಯ ರಾಶಿ, ಎಲ್ಲವೂ ವಂಡರ್‌ಫುಲ್. ನಮ್ಮ ಜನ ಬಹಳ ಸರಳರು ಎನ್ನುವುದು ಅವನ ಇನ್ನೊಂದು ಮಾತು. ಶಿರಾ ಸಂತೆಯಲ್ಲಿ ಒಂದೇ ಒಂದು ಕುರಿ ಕೊಂಡು ನೋಡಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಆದರೆ ಲ್ಯಾನ್ಸೆಟ್ ಹಿಡಿಯುವುದನ್ನು ಬೇಗ ಕಲಿತ. ಅವನ ಕೈ ನಡುಗುತ್ತಿರಲಿಲ್ಲ.

ಪಾವಗಡದ ದಾರಿಯಲ್ಲಿ ಕುರಿ ಸಾಕುವವರ ಒಂದು ಹಟ್ಟಿಯಲ್ಲಿ ಸಿಡುಬು ಎದ್ದಿದೆ ಎಂದು ಸುದ್ದಿ ಬಂತು. ಮುಳ್ಳಿನ ಬೇಲಿಯೊಳಗಿನ ಪುಟ್ಟ ಊರು ಅದು. ಅಲ್ಲಿ ಸಿಡುಬು ಎಂದರೆ ರೋಗವಲ್ಲ, ಅಮ್ಮ ಬಂದಿದ್ದಾಳೆ ಎಂದರ್ಥ. ಬೇಲಿಯ ದಾರಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಸಾರಿಗೆ ಒಗ್ಗರಣೆ ಹಾಕುವುದಿಲ್ಲ, ಹೊರಗಿನವರನ್ನು ಬಿಡುವುದಿಲ್ಲ. ಮೂವರಿಗೆ ಆಗಲೇ ಎದ್ದಿತ್ತು. ಮಿಕ್ಕವರಿಗೆ ಕೂಡಲೇ ದಾಕು ಬಿದ್ದರೆ ಉಳಿಯುತ್ತಾರೆ, ಇಲ್ಲವಾದರೆ ಇಲ್ಲ. ನಾನೂ ಪೀಟರನೂ ಹೊರಟೆವು.

ಹಟ್ಟಿಯ ಯಜಮಾನ ಚಿತ್ತಯ್ಯ ಬೇಲಿಯ ದಾರಿಗೆ ಅಡ್ಡ ನಿಂತಿದ್ದ.

“ಅಮ್ಮ ಬಂದಿರೋ ತಾವ ಕಬ್ಬಿಣ ಹಿಡ್ಕಂಡು ಬಂದ್ರೆ ಹೆಂಗೆ ಬುಡ್ಲಿ ಸ್ವಾಮಿ? ಸೊಪ್ಪಿನ ಮುಂದೆ ಅಡ್ಡಬಿದ್ದು, ತಾಯಿ, ಅಪ್ಣೆ ಕೊಡವ್ವ ಅನ್ನಿ. ಆಮೇಕೆ ನೋಡಾನ.”

ನನಗೆ ದೇವರೂ ಇಲ್ಲ, ಅಮ್ಮನೂ ಇಲ್ಲ. ತೋಳು ಕೊಡುವುದಾದರೆ ಮೈಲಿಗಲ್ಲಿಗೂ ಅಡ್ಡಬೀಳುವವನು. ಬಿದ್ದೆ. ಎದ್ದು ನೋಡಿದರೆ ಪೀಟರ್ ಕಂಬದ ಹಾಗೆ ನಿಂತಿದ್ದಾನೆ. ತನ್ನ ದೇವರನ್ನು ಬಿಟ್ಟು ಬೇರೆ ಯಾವುದಕ್ಕೂ ತಲೆ ಬಾಗಿಸುವುದಿಲ್ಲ ಎಂದ. ಮುಖ ಬಿಳಿಚಿಕೊಂಡಿತ್ತು. ದೊಡ್ಡ ಪರೀಕ್ಷೆ ಬರೆಯುತ್ತಿರುವವನ ಮುಖ. ಬೇಲಿಯ ಒಳಗಿನಿಂದ ಮಕ್ಕಳು ಇಣುಕುತ್ತಿದ್ದವು. ಪರೀಕ್ಷೆ ಯಾರದು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

“ಒಬ್ರು ಬಿದ್ದು ಒಬ್ರು ನಿಂತ್ರೆ ಅಮ್ಮ ಏನಂತ ತಿಳ್ಕಬೇಕು?” ಎಂದ ಚಿತ್ತಯ್ಯ. “ಜೊತ್ಯಾಗೆ ಬಂದೋರು, ಜೊತ್ಯಾಗೇ ಹೋಗ್ಬುಡಿ.”

ಒಬ್ಬನಿಗೆ ಸೊಪ್ಪಿನಲ್ಲಿ ದೇವರು, ಇನ್ನೊಬ್ಬನಿಗೆ ಬಾಗದ ಸೊಂಟದಲ್ಲಿ ದೇವರು. ಇಬ್ಬರ ನಡುವೆ ನಾನು ಫ್ಲಾಸ್ಕು ಹಿಡಿದು ನಿಂತಿದ್ದೆ. ಒಳಗೆ ಮಂಜು ಕರಗುತ್ತಿತ್ತು.

ಆಗ ಪಕ್ಕದಿಂದ ಹೆಣ್ಣುದನಿ ಕೇಳಿತು. “ಸ್ವಾಮೀ, ಇತ್ಲಾಗೆ ಬನ್ನಿ!”

ಬೇಲಿಯ ಹೊರಗೆ, ಬಂಡೆಯ ಮಗ್ಗುಲಲ್ಲಿ, ಸೋಗೆಯ ಗುಡಿಸಲು. ಹೆತ್ತವಳು ಸೂತಕ ಕಳೆಯುವವರೆಗೆ ಕೂಸಿನ ಜೊತೆ ಅಲ್ಲಿರಬೇಕು. ಅವಳನ್ನಾಗಲಿ ಕೂಸನ್ನಾಗಲಿ ಮುಟ್ಟಿದವರು ಅಂದು ಹಟ್ಟಿಯೊಳಕ್ಕೆ ಕಾಲಿಡುವ ಹಾಗಿಲ್ಲ. ಒಳಗೆ ಬಗ್ಗಿ ಕೂರುವಷ್ಟೇ ಜಾಗ. ಅಲ್ಲಿದ್ದವಳು ಚಿತ್ತಯ್ಯನ ಸೊಸೆ ಕರಿಯಮ್ಮ.

“ಅಮ್ಮ ಬಂದಿರೋದು ಬೇಲಿ ಒಳೀಕೆ. ನನ್ನ ಬೇಲಿ ಆಚೀಕೆ ಹಾಕವ್ರೆ. ಇಲ್ಲಿಗ್ಯಾಕೆ ಅವಳ ಅಪ್ಣೆ? ನನ್ ಕೂಸಿಗೆ ಹಾಕಿ.”

“ಲೇ, ಸುಮ್ಕಿರು!” ಎಂದ ಮಾವ.

“ಸುಮ್ಕಿದ್ದಿದ್ಕೇ ಇಲ್ಲಿ ಬಿದ್ದಿವ್ನಿ ಮಾವ.”

ನಾನು ಹೆಜ್ಜೆ ಎತ್ತಿ ನಿಂತೆ. ಆ ಕೂಸನ್ನು ಮುಟ್ಟಿದರೆ ಒಳಗಿನ ಮಕ್ಕಳೆಲ್ಲ ಕೈತಪ್ಪುತ್ತವೆ. ಕರಿಯಮ್ಮನಿಗೆ ಅದು ಅರ್ಥವಾಯಿತು. “ನೀವ್ ಬ್ಯಾಡ. ಆ ಬಿಳೀ ದೊರೆ ಹೆಂಗೂ ಆಚ್ಗೇ ನಿಂತವ್ನೆ. ಅವ್ನು ಮುಟ್ಲಿ.”

ಪೀಟರ್ ಗುಡಿಸಲೊಳಗೆ ಬಗ್ಗಿ (ಈಗ ಸಲೀಸಾಗಿ ಬಗ್ಗಿದ) ಕೂಸಿನ ತೋಳಿಗೆ ದಾಕು ಹಾಕಿದ. ಕೂಸು ಹಟ್ಟಿಗೆಲ್ಲ ಕೇಳುವಂತೆ ಅತ್ತಿತು. ಚಿತ್ತಯ್ಯ ತೀರ್ಪು ಕೊಟ್ಟ: “ಅವ್ನು ಮೈಲ್ಗೆ ಆದ. ಇನ್ನವ ನಿಮ್ ಜೊತೆಯೋನಲ್ಲ. ನೀವೊಬ್ರು ಬನ್ನಿ.”

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಲಿಂಫ್ ಮುಗಿಯುವವರೆಗೆ ಒಂದೊಂದೇ ತೋಳು ಹಿಡಿದು ದಾಕು ಹಾಕಿದೆ. ಮೊದಲೇ ಸಿಡುಬು ಎದ್ದಿದ್ದ ಮೂವರಲ್ಲಿ ಚಿತ್ತಯ್ಯನ ತಾಯಿ ಉಳಿಯಲಿಲ್ಲ. ದಾಕು ಹಾಕಿಸಿಕೊಂಡವರಲ್ಲಿ ಯಾರಿಗೂ ಏಳಲಿಲ್ಲ.

ಪೀಟರನ ಅವಧಿ ಮುಗಿದಾಗ ಶಿರಾದ ಆಸ್ಪತ್ರೆಯ ಮುಂದೆ ಬೀಳ್ಕೊಡುಗೆ ಆಯಿತು. ಹಟ್ಟಿಯವರನ್ನೂ ಕರೆಸಿದ್ದರು. ವೈದ್ಯಾಧಿಕಾರಿಗಳು ಆ ದಿನದ ಯಶಸ್ಸು ಇಲಾಖೆಯ ಯೋಜನೆಯ ಫಲ ಎಂದರು. ಅವರು ಆ ಹಟ್ಟಿಯನ್ನು ನೋಡಿರಲಿಲ್ಲ. ಚಿತ್ತಯ್ಯ, ಅಮ್ಮನೇ ಬಿಳಿ ದೊರೆಯನ್ನು ಗುಡಿಸಲ ತಾವ ಅಟ್ಟಿದ್ದು ಎಂದ. ನಾನೂ ಕಡಿಮೆಯವನಲ್ಲ. ಮುಂದೆ ಎಷ್ಟೋ ಮದುವೆ ಊಟಗಳಲ್ಲಿ ಇದನ್ನು ನನ್ನದೇ ಉಪಾಯವೆಂಬಂತೆ ಹೇಳಿ ಚಪ್ಪಾಳೆ ತಟ್ಟಿಸಿಕೊಂಡಿದ್ದೇನೆ.

ಕೊನೆಗೆ ಪೀಟರ್ ಎದ್ದ. ಅನುವಾದ ನನ್ನ ಪಾಲಿಗೆ. ಈ ದೇಶಕ್ಕೆ ಬರುವಾಗ ತನ್ನ ನಂಬಿಕೆ ಹುಡುಗನ ನಂಬಿಕೆಯಾಗಿತ್ತು, ಹಟ್ಟಿಯ ಮುಂದೆ ಅದು ಗಟ್ಟಿಯಾಯಿತು, ತಾನು ಬಾಗಲಿಲ್ಲ, ಅದಕ್ಕೇ ದೇವರು ಮುಚ್ಚಿದ ಬಾಗಿಲನ್ನು ತೆರೆದ ಎಂದ. ಕನ್ನಡದಲ್ಲಿ ಹೇಳಿದೆ. ಮುಂದೆಯೇ ಕೂಸನ್ನು ಎತ್ತಿಕೊಂಡು ಕೂತಿದ್ದ ಕರಿಯಮ್ಮ ಕಿಸಕ್ಕನೆ ನಕ್ಕಳು.

“ಯಾವ ಬಾಗ್ಲು? ನನ್ ಗುಡ್ಲಿಗೆ ಬಾಗ್ಲೇ ಇರ್ಲಿಲ್ವಲ್ಲ ಸ್ವಾಮಿ! ನರಿ ಬಂದಾತು ಅಂತ ಕೋಲು ಹಿಡ್ಕಂಡು ಕುಂತಿರ್ತಿದ್ದೆ. ನಾನು ಕೂಗ್ದೆ, ನೀವು ಬಂದ್ರಿ. ಅಷ್ಟೇಯ.”

ಏನಂದಳು ಎಂದು ಪೀಟರ್ ಕೇಳಿದ. ಒಂದಕ್ಷರ ಬಿಡದೆ ಹೇಳಿದೆ. ಅವನ ಕಣ್ಣು ತುಂಬಿ ಬಂತು. “ವಂಡರ್‌ಫುಲ್! ಬಾಗಿಲೇ ಇರಲಿಲ್ಲ! ದೇವರಿಗೆ ಯಾವ ಬಾಗಿಲೂ ಇಲ್ಲ!”

“ಯಾಕಂತೆ ಅಳ್ತಾನೆ?” ಎಂದಳು ಕರಿಯಮ್ಮ.

“ಸಂತೋಷಕ್ಕೆ ಕಣಮ್ಮ.”

“ಅಂಗಾದ್ರೆ ಒಂದು ಬಾಗ್ಲು ಮಾಡ್ಸಿಕೊಟ್ಟು ಹೋಗಕ್ಕೇಳಿ. ನಮ್ ಓರಗಿತ್ತಿಗೆ ಈಗ ಏಳು ತಿಂಗ್ಳು.”

ಅದನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಅಷ್ಟರಲ್ಲಿ ಅವನ ಕೊರಳಿಗೆ ಹಾರ ಬೀಳುತ್ತಿತ್ತು. ಅವನು ಕೈ ಮುಗಿದು ನಗುತ್ತಿದ್ದ, ಕೇಳಿಸಿತೋ ಇಲ್ಲವೋ. ಬಾಗಿಲು ಯಾರೂ ಮಾಡಿಸಲಿಲ್ಲ. ಇಲಾಖೆಯಲ್ಲಿ ಅದಕ್ಕೆ ಬಾಬತ್ತಿರಲಿಲ್ಲ, ಅಮ್ಮನಿಗೆ ಅದು ಬೇಲಿಯ ಆಚೆಯ ವಿಷಯ. ನನಗೆ ಬೇರೆ ಹಳ್ಳಿಗಳಿದ್ದವು. ಯಾರಾದರೂ ತಮ್ಮ ನಂಬಿಕೆ ಗಟ್ಟಿಯಾದ ಕಥೆ ಹೇಳಲು ಶುರುಮಾಡಿದರೆ ಅಲ್ಲಿ ಯಾರು ಕೂಗಿದ್ದು ಎಂದು ಮೊದಲು ಕೇಳುವುದನ್ನು ಆ ನೌಕರಿ ನನಗೆ ಕಲಿಸಿತು.

ಓರಗಿತ್ತಿಗೆ ಹೆರಿಗೆಯಾದ ಮೇಲೆ ಆ ಕೂಸಿಗೆ ದಾಕು ಹಾಕಲು ಹೋದೆ. ಗುಡಿಸಲ ಬಾಯಿಗೆ ಒಂದು ಹಳೆಯ ಕಂಬಳಿ ಬಿಗಿಯಾಗಿ ಕಟ್ಟಿತ್ತು. ಅದರ ಮುಂದೆ, ಮಾವನ ಹಟ್ಟಿಗೆ ಬೆನ್ನು ಹಾಕಿ, ಮಡಿಲಲ್ಲಿ ಕೋಲು ಇಟ್ಟುಕೊಂಡು ಕರಿಯಮ್ಮ ಕೂತಿದ್ದಳು.

“ಇರಿ ಸ್ವಾಮಿ, ಬಾಗ್ಲು ತೆಗೀತೀನಿ” ಎಂದು ಕಂಬಳಿ ಎತ್ತಿದಳು.