ತುಂಬಿದ ಜೀಪಿನ ತಿರುವು

"ಸ್ಟೇರಿಂಗ್ ಹೊಳ್ಳವಲ್ತು!"

ಸ್ಟೇರಿಂಗ್ ತಿರುಗದೆ ಅಣ್ಣ ಚೀರಿದಾಗ ನಮ್ಮ ಜೀಪು ಯಲ್ಲಮ್ಮನ ಗುಡ್ಡದಿಂದ ಉಗರಗೋಳಕ್ಕೆ ಇಳಿಯುವ ತಿರುವಿನಲ್ಲಿತ್ತು. ಒಳಗೆ ಮನೆಮಂದಿಯೆಲ್ಲ ಕಿಕ್ಕಿರಿದು ಕೂತಿದ್ದೆವು. ಹಿಂದಿನ ದಿನವಷ್ಟೇ ಹಾಕಿಸಿದ್ದ ದೊಡ್ಡ ಟೈರು ಮಡ್‌ಗಾರ್ಡಿಗೆ ಒತ್ತಿಕೊಂಡು ಕರಕರ ಎನ್ನುತ್ತಿತ್ತು. ಅಣ್ಣ ಬ್ರೇಕನ್ನು ಜೀವ ಬಿಟ್ಟು ಒತ್ತಿದ. ರಸ್ತೆಯಂಚಿನ ಕಲ್ಲಿಗೆ ಗೇಣು ದೂರದಲ್ಲಿ ಗಾಡಿ ನಿಂತಿತು. ಕಲ್ಲಿನಾಚೆ ಬರೀ ಇಳಿಜಾರು.

"ಅಂಗಡ್ಯಾಗ ಹೊಳ್ಳಿಸಿ ನೋಡಿದ್ನಿ ಆಯಿ, ಎಲ್ಲೂ ತಾಗಿದ್ದಿಲ್ಲ" ಎಂದ, ಅಜ್ಜಿಯತ್ತ ತಿರುಗಿ.

"ಆವಾಗ ನಾವೆಲ್ಲಾ ಒಳಗ ಕುಂತಿದ್ವೇನೋ?" ಎಂದರು ಅಜ್ಜಿ, ದೇವಿಯ ಅರಿಸಿನದ ಭಂಡಾರ ತುಂಬಿದ ಬುಟ್ಟಿಯನ್ನು ಎದೆಗವಚಿಕೊಂಡೇ.

ಒಬ್ಬೊಬ್ಬರೇ ಇಳಿದೆವು. ಭಾರ ಇಳಿದಂತೆ ಜೀಪು ಮೇಲೆದ್ದಿತು, ಟೈರು ಮಡ್‌ಗಾರ್ಡಿನಿಂದ ಬಿಡಿಸಿಕೊಂಡಿತು.

ಮರುದಿನ ಹಳೆಯ ಅಳತೆಯ ಟೈರುಗಳನ್ನೇ ಹಾಕಿಸಿ, ಟೈರಿನಂಗಡಿಯ ಮುಂದೆ ಅಣ್ಣ ನಮ್ಮನ್ನೆಲ್ಲ ಮತ್ತೆ ಹತ್ತಿಸಿ ಸ್ಟೇರಿಂಗ್ ತಿರುಗಿಸಿ ನೋಡಿದ. ನೋಡಿದವರು ನಕ್ಕರು. ಅಜ್ಜಿ ಮಾತ್ರ ನಿಂತ ಗಾಡಿಯಲ್ಲೂ ಹಿಡಿಕೆ ಬಿಡಲಿಲ್ಲ.